ಹದಿನೇಳನೇ ವಾರ್ಡಿನ ವಾಲ್ವು

ರಾತ್ರಿ ಎರಡೂವರೆಗೆ, ಅರಸೀಕೆರೆ ಜಂಕ್ಷನ್ನಿನಲ್ಲಿ
ಯಾವುದೋ ಗೂಡ್ಸುಬಂಡಿ ಮೈಮುರಿಯುವ ಹೊತ್ತು,
ನಾನು ವಾಲ್ವಿನ ಗುಂಡಿಯಲ್ಲಿ ಮೊಣಕಾಲೂರಿ
ಕಬ್ಬಿಣದ ಸಲಾಕೆಗೆ ಕಿವಿ ಹಚ್ಚುತ್ತೇನೆ.
ನೀರು ಬರುವ ಮುಂಚೆ ಸದ್ದು,
ಆಮೇಲೆ ನಡುಕ, ಆಮೇಲೆ ತಣ್ಣಗೆ.
ಇದನ್ನು ಕಲಿಸಿದ್ದು ಎಂಜಿನಿಯರಲ್ಲ,
ತಿರುಮಲಮ್ಮ.

ಕೊಬ್ಬರಿ ಮಂಡಿಯಲ್ಲಿ ಹದಿನಾಲ್ಕು ವರ್ಷ
ಮಚ್ಚು ಹಿಡಿದವಳು ಆಯಮ್ಮ.
ಅಟ್ಟದಿಂದಿಳಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ
ಇದು ಹಸಿ, ಇದು ಗಿಟುಕು ಅನ್ನುವವಳು.
ವಾರ್ಡು ಮಹಿಳೆಗೆ ಬಿದ್ದ ವರ್ಷ
ಪಕ್ಷದವರು ಮನೆಗೆ ಬಂದರು, ಗಂಡನನ್ನು ಕೇಳಿದರು.
ಕರಪತ್ರದಲ್ಲಿ ರಂಗಸ್ವಾಮಿ ಕೈಮುಗಿದು ದೊಡ್ಡದಾಗಿ ನಿಂತಿದ್ದ,
ಅಭ್ಯರ್ಥಿ ಅಂಚೆಚೀಟಿಯಷ್ಟಿದ್ದಳು.

ಮೊದಲ ಸಭೆಗೆ ಇಬ್ಬರೂ ಹೋದರು.
ಇದ್ದದ್ದು ಒಂದು ಕುರ್ಚಿ. ಅವನು ಕೂತ.
ಹಾಜರಿ ಕರೆಯುವ ತನಕ ಆಯಮ್ಮ ನಿಂತೇ ಇದ್ದಳು.
'ವಾರ್ಡು ಹದಿನೇಳು?'
'ಇದ್ದೀನಿ ಸ್ವಾಮಿ. ಇವ್ರು ನಮ್ಮನೆಯವ್ರು,
ಆಚೆ ಟೀ ಅಂಗಡೀಲಿ ಕಾಯ್ತಾರೆ.'

ಹತ್ತು ವರ್ಷ ಕಾದ ರಂಗಸ್ವಾಮಿ.
ಮೊದಮೊದಲು ಸಿಟ್ಟಿಗೆ ಎರಡೆರಡು ಟೀ ಕುಡಿಯುತ್ತಿದ್ದ,
ಕೊನೆಕೊನೆಗೆ ಅಲ್ಲೇ ಬೆಂಚಿನ ಮೇಲೆ
ಬಂದವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ.
ಅಕ್ಷರ ಮುತ್ತಿನಂತಿತ್ತು.

ಮೊದಲ ಅಡ್ಡರಸ್ತೆಯವರು ಮೋಟಾರಿಟ್ಟು ಹೀರಿದರೆ
ರೈಲ್ವೆ ಗೋಡೆಯ ಸಾಲಿಗೆ ಬರುತ್ತಿದ್ದದ್ದು ಬರೀ ಗಾಳಿ.
'ಇದ್ನ ಕುಡಿದು ಬದುಕ್ತಾರಾ' ಅಂದಳು ಹಲೀಮಾಬಿ,
ಬಾಯಿ ಊದಿಸಿ ಬುಸ್ ಅನ್ನಿಸಿ ತೋರಿಸಿ.
ಆಯಮ್ಮ ನಗಲಿಲ್ಲ. ಅವತ್ತು ರಾತ್ರಿ ಶಾಲು ಹೊದ್ದು ಬಂದು
ನನ್ನ ಗುಂಡಿಯ ಪಕ್ಕ ಕೂತಳು, ಹನ್ನೊಂದು ರಾತ್ರಿ.
ಕೊಡ ಎಣಿಸಿದಳು. ಮಕ್ಕಳ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದಳು.
'ಕಣ್ಣಲ್ಲೇನು ನೋಡ್ತೀಯ ಜವರಾ, ಕಿವಿ ಕೊಡು.'

ಎರಡನೇ ವಾಲ್ವು ಕೇಳಿದಾಗ ಅಧಿಕಾರಿ
ಪ್ರಸ್ತಾವನೆ ಪರಿಶೀಲನೆಯಲ್ಲಿದೆ ಅಂದರು, ಕಡತ ತೋರಿಸಿದರು.
ಆಯಮ್ಮ ಕಡತವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು.
'ಇನ್ನೂ ಹಸಿ ಸ್ವಾಮಿ,
ಒಳಗಡೆ ಕೊಬ್ಬರಿ ಆಡ್ತಾ ಇಲ್ಲ.'
ಸಭೆಗೆ ಸಭೆಯೇ ನಕ್ಕಿತು. ವಾಲ್ವು ಮಾತ್ರ
ಮುಂದಿನ ಬೇಸಿಗೆಗೆ ಬಂತು.
ಅಂದಿನಿಂದ ಮೊದಲು ಗೋಡೆಯ ಸಾಲು,
ಆಮೇಲೆ ಮೋಟಾರಿನವರು.
ಅಡ್ಡರಸ್ತೆಯವರು ಇವತ್ತಿಗೂ ಆಯಮ್ಮನಿಗೆ
ಮದುವೆಯ ಕರೆಯೋಲೆ ಕೊಡುವುದಿಲ್ಲ.

ಒಂದು ಚರಂಡಿ ಬಿಲ್ಲಿಗೆ ಓದದೆ ಸಹಿ ಹಾಕಿದ್ದೂ ಉಂಟು.
ಚಪ್ಪಡಿ ಮೊದಲ ಮಳೆಗೇ ಕುಸಿದು
ಪೇಪರ್ ಹಾಕುವ ಹುಡುಗನ ಕಾಲು ಮುರಿಯಿತು.
ಆ ಮಾತನ್ನು ಅವಳೆದುರು ಯಾರೂ ಎತ್ತುವುದಿಲ್ಲ.
ಅವಳೇ ಎತ್ತುತ್ತಾಳೆ.

ಆಯಮ್ಮನನ್ನು ಯಾರೂ ಸೋಲಿಸಲಿಲ್ಲ.
ಎಲ್ಲೋ ಕೂತು ನಕಾಶೆಯ ಮೇಲೆ ಗೆರೆ ಎಳೆದರು,
ಮನೆ ಹದಿನೆಂಟಕ್ಕೆ ಹೋಯಿತು,
ಎದುರು ಮನೆ ಹದಿನೇಳರಲ್ಲೇ ಉಳಿಯಿತು.
ಮೀಸಲಾತಿಯೂ ಮಗ್ಗುಲು ಬದಲಿಸಿತು.
ಬಾಗಿಲ ಬೋರ್ಡಿಗೆ 'ಮಾಜಿ' ಸೇರಿಸಲಾ ಅಂದ ಪೇಂಟರನಿಗೆ
'ಬಣ್ಣ ಯಾಕೆ ದಂಡ' ಅಂದು
ತಗಡನ್ನೇ ಬಿಚ್ಚಿ ಹಲೀಮಾಬಿಗೆ ಕೊಟ್ಟಳು.
ಈಗದು ಅವಳ ನೀರಿನ ಡ್ರಮ್ಮಿನ ಮುಚ್ಚಳ,
ಹೆಸರು ಕೆಳಮುಖವಾಗಿದೆ.

ಮೊನ್ನೆ ರಾತ್ರಿ ಫೋನು.
'ಜವರಾ, ನಮ್ಮ ನಲ್ಲೀಲಿ ಗಾಳಿ ಬರ್ತಾ ಇದೆ ಕಣೋ.'
ಹದಿನೆಂಟರ ಕೀಲಿ ನನ್ನ ಕೈಯಲ್ಲಿಲ್ಲ.
ಸಲಾಕೆ ಹಿಡಿದುಕೊಂಡೇ ಹೇಳಿದೆ,
ಒಂದು ಅರ್ಜಿ ಕೊಡಿ ಅಮ್ಮ.
ಆ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ ನಗು,
ಕೆಮ್ಮು ಬರುವಷ್ಟು ನಗು.

ಬೆಳಿಗ್ಗೆ ನಗರಸಭೆಯ ಕಿಟಕಿಯ ಮುಂದೆ ಸಾಲು.
ಐದನೆಯವಳು ಆಯಮ್ಮ, ಪಕ್ಕದಲ್ಲಿ ರಂಗಸ್ವಾಮಿ,
ಕೈಯಲ್ಲಿ ಮುತ್ತಿನಕ್ಷರದ ಅರ್ಜಿ.
ಗುಮಾಸ್ತ ಹೊಸ ಹುಡುಗ, ತಲೆ ಎತ್ತಲಿಲ್ಲ.
'ಯಾವ ವಾರ್ಡು?'
'ಹದಿನೇಳು' ಅಂದಳು.
ರಂಗಸ್ವಾಮಿ ಮೆಲ್ಲಗೆ ಅವಳ ಮೊಣಕೈ ಮುಟ್ಟಿದ:
'ಹದಿನೆಂಟು ಕಣೇ.'