ಹೊಯಿಗೆ ಲೆಕ್ಕ

ಒಂಬತ್ತು ತಿಂಗಳು ಹಡಗು, ಮೂರು ತಿಂಗಳು ನಾನು.
ಇದು ಕರಾರು; ಕೆಳಗೆ ಸಹಿ ಹಾಕಿದ್ದು
ಅವರೊಬ್ಬರೇ.

ಹನ್ನೆರಡು ಮಾಳಿಗೆಯ ಬಿಳಿ ಹಡಗಂತೆ.
ಮೇಲೆ ಈಜುಕೊಳ, ಬ್ಯಾಂಡು,
ಮೈಗೆಲ್ಲ ಎಣ್ಣೆ ಹಚ್ಚಿ ಬಿಸಿಲಿಗೆ ಬಿದ್ದ ಜನ.
ನಮ್ಮಲ್ಲಿ ಬಂಗುಡೆ ಒಣಗಿಸಿದ ಹಾಗೆ, ಅಂದಿದ್ದರು,
ಆದರೆ ಇವರು ತಾವೇ ಮಗುಚಿಕೊಳ್ಳುತ್ತಾರೆ.
ನೀರಿನ ಗೆರೆಗಿಂತ ಕೆಳಗೆ, ಕಿಟಕಿಯಿಲ್ಲದ
ಧೋಬಿಖಾನೆಯಲ್ಲಿ ನನ್ನ ಗಂಡ,
ಮೊಗ್ರಾಲಿನ ದೇಜಪ್ಪ,
ಎದೆಯ ಪಟ್ಟಿಯಲ್ಲಿ ಬರೀ ಡೇಜ್.

ನಾನು ಶಾಲೆಯಲ್ಲಿ ಮಧ್ಯಾಹ್ನದ ಅನ್ನ ಬೇಯಿಸುವವಳು.
ಮಕ್ಕಳು ಹೋದ ಮೇಲೆ ಆರನೇ ಕ್ಲಾಸಿನ
ನಕ್ಷೆಯ ಮುಂದೆ ನಿಂತು ಹುಡುಕಿದ್ದೆ:
ಬಾರ್ಬಡೋಸ್, ಆಂಟಿಗುವಾ, ಸೇಂಟ್ ಲೂಸಿಯಾ.
ನೆಲ ಎಳ್ಳಿನಷ್ಟು. ಜಾಗ ಸಾಲದೆ
ಹೆಸರನ್ನು ಕಡಲಿನ ಮೇಲೆ ಬರೆದಿದ್ದಾರೆ.
ಒಗ್ಗರಣೆಯ ನನ್ನ ಬೆರಳಿಟ್ಟರೆ
ನಾಲ್ಕು ದ್ವೀಪ ಒಟ್ಟಿಗೆ ಮುಳುಗಿದವು.

"ಹೇಗುಂಟು ಅಲ್ಲಿ?"
"ಒಂದು ಕಡೆಯ ಹೊಯಿಗೆ ಕಪ್ಪು, ಬೆಂಕಿಗುಡ್ಡೆಯದ್ದು.
ತಲೆದಿಂಬಿನ ಹೊಲಿಗೆಯಲ್ಲಿ ಕೂತರೆ
ಮೂರು ನೀರಿಗೂ ಹೋಗುವುದಿಲ್ಲ.
ಇನ್ನೊಂದು ಕಡೆಯದ್ದು ಸಕ್ಕರೆ, ಒಂದೇ ನೀರು ಸಾಕು.
ನಸುಗೆಂಪಿನದ್ದೂ ಒಂದುಂಟು,
ಅಲ್ಲಿ ಇಳಿಯುವುದು ಹೊಸ ಮದುವೆಯವರೇ ಹೆಚ್ಚು.
ಆ ಚಾದರ ನಾನೇ ಕೊಡವುತ್ತೇನೆ,
ಬೇರೆಯವರಿಗೆ ಬಿಡುವುದಿಲ್ಲ."
"ಇಳಿದು ನೋಡಿದ್ದೀರಾ?"
"ಯಂತ್ರದ ಜರಡಿಯಲ್ಲಿ ನೋಡಿದ್ದೇನೆ,"
ಅಂದು ಮೀನಿನ ಮುಳ್ಳು ಬಿಡಿಸತೊಡಗಿದರು.

ಈ ಸಲ ನಾನೇ ಹೇಳಿದೆ: ಒಂದು ದಿನ, ಎಲ್ಲಿಗಾದರೂ.
ಬೇಕಲದ ಕಡೆ ದೊಡ್ಡ ರೆಸಾರ್ಟುಂಟು;
ಅಲ್ಲಿ ಮಲಗಿದರೂ ಇವರಿಗೆ
ಚಾದರ ಒಗೆಯುವವನದ್ದೇ ಯೋಚನೆಯಾದೀತು. ಬೇಡ.
ಶಿರಿಯಾ ಹೊಳೆ, ಕಡಲಿಗೆ ಹೋಗಲೋ ಬೇಡವೋ ಎಂದು
ಅನುಮಾನಿಸುವ ಜಾಗದಲ್ಲಿ ಒಂದು ಕುದ್ರು.
ಹನ್ನೊಂದು ತೆಂಗು, ಒಂದು ಹೊನ್ನೆ,
ಯಾರೋ ಬೇಸಾಯ ಬಿಟ್ಟ ಗದ್ದೆ.
ನಕ್ಷೆಯಲ್ಲಿ ಅದಕ್ಕೆ ಎಳ್ಳೂ ಇಲ್ಲ.

ಮರುವಾಯಿ ಹೆಕ್ಕುವ ಅಂದುಂಞಿ ದೋಣಿಯಲ್ಲಿ ಬಿಟ್ಟ.
"ಸಂಜೆ ಬರ್ತೇನೆ. ಎಂತ ಕೆಲಸ ಇಲ್ಲಿ?"
"ಎಂತದೂ ಇಲ್ಲ," ಅಂದೆ.
ಅವನು ಅರ್ಧ ಹೊಳೆ ದಾಟುವವರೆಗೂ
ತಿರುಗಿ ತಿರುಗಿ ನೋಡಿದ.

ಇವರಿಗೆ ಕೂರಲು ಬರುವುದಿಲ್ಲ.
ಚಾದರ ಹಾಸಿ ನಾಲ್ಕು ಮೂಲೆ ಮಡಚಿದರು,
ಎಬ್ಬಿಸಿ ಕೊಡವಿದರು, ಮತ್ತೆ ಹಾಸಿದರು.
ಬಿದ್ದ ಮಡಲುಗಳನ್ನು ಉದ್ದದ ಲೆಕ್ಕದಲ್ಲಿ ಜೋಡಿಸಿದರು.
ನೀರುದೋಸೆ, ಸಿಗಡಿ ಚಟ್ನಿ ನಿಂತೇ ತಿಂದರು.
ಕಂಬದ ಮೇಲೆ ನೀರುಕಾಗೆಯೊಂದು
ರೆಕ್ಕೆ ಬಿಡಿಸಿ ಸುಮ್ಮನೆ ಕೂತಿತ್ತು.
"ನೋಡು, ಅದೂ ಒಣಗಿಸುತ್ತಾ ಉಂಟು."
ಮೂರು ಸಲ ಗಂಟೆ ಕೇಳಿದರು.
ನಾನು ವಾಚು ಬಿಚ್ಚಿ ಚಪ್ಪಲಿಯೊಳಗಿಟ್ಟೆ.

ಸೇತುವೆಯ ಮೇಲೆ ಮಂಗಳೂರಿನ ರೈಲು ಹೋಯಿತು,
ದೊಡ್ಡ ಡ್ರಮ್ಮು ತಿರುಗಿದ ಸದ್ದು.
ಬೆಚ್ಚಿದರು. ಸದ್ದು ನಿಂತಿತು.
ನಿಂತದ್ದು ಮತ್ತೆ ಶುರುವಾಗದೆ ಇದ್ದಾಗ
ಬಾಯಿ ತೆರೆದು ನಿದ್ದೆ ಹೋದರು.

ಮೊಣಕೈಯ ಹತ್ತಿರ ಇಸ್ತ್ರಿಯ ಹಬೆ ಸುಟ್ಟ ಕಲೆ,
ಪತ್ರದಲ್ಲಿ ಬರೆಯದೆ ಇದ್ದದ್ದು.
ಭರತದ ನೀರು ಮೆಲ್ಲ ಏರಿತು.
ಚಪ್ಪಲಿಗಳನ್ನು ಒಮ್ಮೆ ಮೇಲಿಟ್ಟೆ,
ಇನ್ನೊಮ್ಮೆ ಇನ್ನೂ ಮೇಲೆ.
ಕುದ್ರು ಚಿಕ್ಕದಾಗುತ್ತಾ ಬಂತು.
ತೆಂಗು ಎಣಿಸಿದೆ, ಹನ್ನೆರಡಾಯಿತು.
ಇವರನ್ನು ಎಬ್ಬಿಸಲಿಲ್ಲ.

ಅಂದುಂಞಿಯ ಕೂಗಿಗೇ ಎದ್ದದ್ದು.
ಕೆನ್ನೆಯ ತುಂಬ ಹೊಯಿಗೆಯ ಅಚ್ಚು.
ಅಂಗೈಗೆ ಉದುರಿಸಿ, ಕಣ್ಣ ಹತ್ತಿರ ಹಿಡಿದು,
"ಕಂದು," ಅಂದರು. "ಚಿಪ್ಪಿನ ಪುಡಿ ಸೇರಿದೆ,
ಸ್ವಲ್ಪ ಕೆಸರು. ಇದು ಸುಲಭಕ್ಕೆ ಹೋಗುವ ಜಾತಿಯಲ್ಲ."

ಮನೆಗೆ ಬಂದವರೇ ಬಾಲ್ದಿಗೆ ನೀರು ಬಿಟ್ಟರು.
ಚಾದರ ಕಿತ್ತುಕೊಂಡು ಮಂಚಕ್ಕೆ ಹಾಸಿದೆ.
"ಚುಚ್ಚುತ್ತದೆ ಮಾರಾಯ್ತಿ."
"ಚುಚ್ಚಲಿ."
ಇನ್ನು ಹತ್ತೊಂಬತ್ತು ದಿನ.

ಬೆಳಗ್ಗೆ ನೋಡಿದರೆ, ನಾನು ಮಲಗಿದ ಬದಿಯನ್ನು
ರಾತ್ರಿ ಯಾವಾಗಲೋ ಕೈಯಲ್ಲೇ ಸವರಿ
ಶುದ್ಧ ಮಾಡಿಟ್ಟಿದ್ದರು.
ಅವರ ಬದಿಯದ್ದು ಹಾಗೇ ಇತ್ತು.