ಮೀಟರ್ ಓದುವಾಕಿ

ತಿಂಗಳಿಗೊಮ್ಮೆ ಚೌಬಾರಾದ ಹಿಂದಿನ ಗಲ್ಲಿಗಳಿಗೆ
ಕೊರಳಾಗ ಬಿಲ್ಲಿನ ಮಷೀನ್ ಹಾಕ್ಕೊಂಡು ಬರ್ತೀನಿ.
ನನ್ನ ಕಂಡ್ರ ಬೀದರಿನ ನಾಯಿ ಬೊಗಳಂಗಿಲ್ಲ,
ಮಂದಿ ಬೊಗಳ್ತಾರ:
'ಹೋದ ತಿಂಗಳ ನಾವು ಊರಾಗೇ ಇದ್ದಿಲ್ಲ, ಇಷ್ಟ್ಯಾಂಗ ಬಂತು?'
ನಾ ಅಂಕಿ ಓದಾಕಿ, ಯಕ್ಕಾ.
ತಿರುಗಿಸಾಕಿ ಅಲ್ಲ.

ಮೊದಲ ಕಂಡಿದ್ದು ಮೊಸಳಿ.
ಮನಿಯಾರ್ ತಾಲೀಮಿನ ತಿರುವಿನ್ಯಾಗ
ರೋಡಿನ ಉಬ್ಬಿಗೆ ರಾತ್ರೋರಾತ್ರಿ ಹಸಿರು ಬೆನ್ನು ಮೂಡಿತ್ತು,
ಒಂದು ಕಣ್ಣು ಅರ್ಧ ತೆರದಿತ್ತು.
ಯಾರ ಮಾತೂ ಕೇಳದ ಬುಲೆಟ್ ಹುಡುಗರು
ಅದನ್ನ ಎಬ್ಬಿಸಬಾರದಂತ ಮೆಲ್ಲಕ ದಾಟ್ಲಿಕತ್ತಿದ್ರು.

ಆಮ್ಯಾಲ ನಮ್ಮದೇ ಟ್ರಾನ್ಸ್‌ಫಾರ್ಮರ್.
ಅಪಾಯ ಅಂತ ಬರೆದ ಹಲಗಿಯ ಬುರುಡಿಗೆ
ಯಾರೋ ಎಲಿ ಅಡಿಕಿ ತಿನ್ನಿಸ್ಯಾರ,
ಬಾಯಿ ಕೆಂಪಗ, ಒಂದು ಗಲ್ಲ ಉಬ್ಬೇದ.
ಇಲಾಖೆಯಾಕಿ ನಾನು, ವರದಿ ಕೊಡಬೇಕಿತ್ತು.
ಕೊಡ್ಲಿಲ್ಲ.
ಮರುತಿಂಗಳ ಹೋದಾಗ ನೋಡಿದ್ರ
ಕೆಳಗ ಉಗುಳಬ್ಯಾಡ್ರಿ ಅಂತ ಬೇರೆ ಬರೆದಿತ್ತು.

ನುಸ್ರತ್ ಬೀ ಮನಿ ಹಿತ್ತಲ ಗೋಡಿ ಸೀಳಿ ಆರು ವರ್ಷ.
ಆ ಸೀಳಿಗುಂಟ ಈಗ ಬೆಳ್ಳಿ ಬಣ್ಣದ ಬಳ್ಳಿ,
ಸುತ್ತ ಒಂದು ಮೊಳ ಕರೇ ಬಣ್ಣ,
ಗೋಡಿಗೋಡಿಯೇ ಬಿದ್ರಿ ಹೂಜಿ ಆಗೇದ.
'ನಮ್ಮ ಮನಿಯವರು ನಲವತ್ತು ವರ್ಷ ಬೆಳ್ಳಿ ತಂತಿ ಬಡದ್ರು,
ಮನಿಗಂತ ಒಂದು ಗುಂಡಿ ಸೈತ ಮಾಡ್ಲಿಲ್ಲ' ಅಂದಳು.
ರಿಪೇರಿ ಮಾಡಸ್ತೀನಂತ ಬಂದ ಮಗನ್ನ
ಹೊಸ್ತಿಲ ದಾಟಗೊಟ್ಟಿಲ್ಲ.

ಯಾರ ಕೆಲಸ ಅಂತ ಕೇಳ್ದೆ.
ಕಾಲೇಜಿನ ಹುಡುಗೂರು ಅಂದ ಕಿರಾಣಿಯವ.
ಗೋಲಿ ಆಡೋ ಪೋರನೊಬ್ಬ ದನಿ ಇಳಿಸಿ
'ಅದು ಮನುಷ್ಯಾ ಅಲ್ಲ್ರಿ' ಅಂದ.

ಖರೇ ಹೇಳ್ತೀನಿ, ಸುಳಿವು ನನಗೂ ಹತ್ತಿರಲಿಲ್ಲ.
ಒಂದೇ ಒಂದು ಕಂಡಿತ್ತು:
ಗೆರಿ ನಡುಗತಾವ.
ಮೊಸಳಿ ಬೆನ್ನಿಗೆ ಅದು ಚಂದ, ಬಳ್ಳಿಗೂ ಚಂದ,
ಆದ್ರ ಕಿಟಕಿ ಬರೆದ್ರೂ ನಡುಗತಾವ,
ಒಲಿ ಮ್ಯಾಲಿನ ಬಿಸಿಯೊಳಗಿಂದ ನೋಡಿದಂಗ.

ಮಾಳಗಿ ಮ್ಯಾಲ ಮೀಟರ್ ಇಟ್ಟ ಮನಿಯೊಂದದ.
ತಿಂಗಳಿಗೆ ನಾಕು ಯೂನಿಟ್.
ಏರಿ ನೋಡಿದ್ರ ಮೀಟರಿನ ಗಾಜಿಗೆ ಮುಚ್ಚಿದ ರೆಪ್ಪಿ ಬರೆದಾರ,
ಮಲಗೇದ ಪಾಪ.
ಕಾಲ ಕೆಳಗ, ಮಾಳಗಿ ತುಂಬ,
ಐದೂ ಬೆರಳು ಅಗಲಿಸಿ ಟಾಟಾ ಮಾಡೋ ಒಂದು ಕೈ.
ಗಲ್ಲಿಯವರಿಗೆ ಕಾಣಂಗಿಲ್ಲ.
ದಿನಾ ಗಿರಕಿ ಹೊಡಿಯೋ ತರಬೇತಿ ವಿಮಾನದ ಹುಡುಗರಿಗೆ ಮಾತ್ರ.

ಈ ತಿಂಗಳ ಆ ಮನಿ ಗೋಡಿ ಮ್ಯಾಲ ನಾನೇ ಇದ್ದೆ!
ಅದೇ ಜಡಿ, ಅದೇ ಹರಿದ ಚಪ್ಪಲ್,
ಕೊರಳ ಮಷೀನಿನಿಂದ ಬಿಲ್ಲು ಹೊರಗ ಬರ್ಲಿಕತ್ತದ,
ಬರ್ತದ, ಬರ್ತದ, ಮುಗಿಯಂಗೇ ಇಲ್ಲ.
ಮೂಲಿ ತಿರುಗಿತು, ನಾನೂ ತಿರುಗಿದೆ.
ನಳದ ಪೈಪು ಹಾರಿತು,
ಮಲಗಿದ್ದ ಆಡಿನ ಹಿಂದ ಹೋಗಿ
ಬಾಲದ ಕಡಿಂದ ಹೊರಗ ಬಂತು.
ಕಡೀಕ ಚಾದ ಅಂಗಡಿ ಗೋಡಿ,
ಅಲ್ಲಿ ಹರಿದ ತುದಿ, ಸೊಟ್ಟ ಅಕ್ಷರ:
ಬಾಕಿ, ಒಂದು ಚಾ.

ಒಳಗ ಲಾಡ್ಲೆಸಾಬ ಪೇಂಟರ್ ಕೂತಿದ್ದ.
ಒಂದು ಕಾಲಕ್ಕ ಈ ಬಜಾರಿನ ಅರ್ಧ ಬೋರ್ಡು ಅವನವೇ.
ಫ್ಲೆಕ್ಸು ಅರ್ಧ ಕೆಲಸ ತಿಂತು,
ಉಳಿದದ್ದನ್ನ ಕೈ ನಡುಕ.
'ಅಕ್ಷರ ನಡುಗಿದ್ರ ಗಿರಾಕಿ ಬೈತಾರವ್ವಾ,
ಮೊಸಳಿ ಏನೂ ಅನ್ನಂಗಿಲ್ಲ.'
ಚಾ ಅರ್ಧ ಬಸಿಗೆ, ಅರ್ಧ ಅಂಗಿಗೆ.

ರೊಕ್ಕ ತೆಗೀಲಿಕ್ಕೆ ಹೋದೆ, ತಡದ.
'ಬಾಕಿ ನಿಂದಲ್ಲ, ನಂದು.
ಹೋದ ವರ್ಷ ಲೈನ್ ಕಡೀಲಿಕ್ಕೆ ಬಂದವರಿಗೆ
ಎಂಟು ದಿನ ತಡೀರಿ ಅಂದಾಕಿ ನೀನೇ ಅಲ್ಲೇನು?'

ನನಗ ನೆನಪಿಲ್ಲ.
ಎಷ್ಟೋ ಮನಿ ಮುಂದ ಅಂದಿರ್ತೀನಿ,
ಎಷ್ಟೋ ಮನಿ ಮುಂದ ಸುಮ್ಮನಿದ್ದೀನಿ.

ಮ್ಯಾಲ ಒಂದು ವಿಮಾನ ದಾಟಿ ಹೋತು.
ಹೋದದ್ದು ಮತ್ತ ತಿರುಗಿ ಬಂತು.