ಕುಂದ್ರು

ಏರ್‌ಫೋರ್ಸಿನ ವಿಮಾನ ನಮ್ಮ ಮಂಗಲಪೇಟ್ಯಾಗ
ನೆತ್ತಿ ಮ್ಯಾಲೇ ಹೊಸ ಅರಿವಿ ಹರದಂಗ ಹೋಗ್ತಾವ.
ಶೇಂಗಾ ಕಣ್ಣು ಸುದ್ದಾ ತೆರಿಯೂದಿಲ್ಲ.
ದಿನಾ ಬರ್ತಾವ, ದಿನಾ ಹೋಗ್ತಾವ,
ಅವಕ್ಕ ನಮ್ಮನಿ ಬಾಗಲಾ ಬೇಕಾಗಿಲ್ಲ
ಅಂತ ಯಾವಾಗೋ ತಿಳಕೊಂಡದ.

ಡಿಸೆಂಬರ್ ಬಂತಂದ್ರ
ಬಾಗಲಾ ಬೇಕಾದ ಸದ್ದೇ ಎಲ್ಲಾ.
ಚರ್ಚಿನ ಹುಡುಗರ ಢೋಲಕ್, ಸೀಟಿ,
ಗೇಟಿಗಿ ಬಡಿಯೋ ಕೋಲು,
ಕೆಂಪು ಅಂಗಿ ತೊಟ್ಟ ದೇವದಾನಪ್ಪನ ಮೊಮ್ಮಗ.
ಹ್ವಾದ ವರ್ಷ ಅವನ ಗಡ್ಡದ ಹತ್ತಿ ಕಿತ್ತುಕೊಂಡು
ಕಾಟಿನ ಕೆಳಗ ಹೊಕ್ಕದ್ದು
ಮರುದಿನ ಮಧ್ಯಾಹ್ನಕ್ಕ ಹೊರಗ ಬಂತು.
ಬಾಯಾಗ ಇನ್ನಾ ಹತ್ತಿ.

ಈ ಸಲ ದೀಪಾವಳಿ ಹೊಗಿ ಇಳಿಯೂದಕ್ಕೇ ಸುರು ಮಾಡಿದೆ.
ಮೊಬೈಲಿನಾಗ ಢೋಲಕ್, ಇರಿವಿ ನಡದಷ್ಟು ಸಣ್ಣಗ.
ಮೂಲ್ಯಾಗ ಗೋಣಿಚೀಲ, ಅದರ ಮ್ಯಾಲ ನನ್ನ ಹಳೇ ಸ್ವೆಟರ್.
ಕುಂದ್ರು, ಅಂದೆ.
ಕೂತರ ಜ್ವಾಳದ ರೊಟ್ಟಿ ಚೂರು.
ಎದ್ದರ ಬೈಗಳಿಲ್ಲ, ಬಡತಿಲ್ಲ,
ರೊಟ್ಟೀನೂ ಇಲ್ಲ.
ದಿನಕ್ಕೊಂದು ಗೀಟು ಸದ್ದು ಏರಿಸ್ಕೋತ ಹ್ವಾದೆ.
ಒಂದಿನ ಎರಡು ಗೀಟು ಏರಿಸಿಬಿಟ್ಟೆ, ಅವಸರಕ್ಕ.
ಮತ್ತ ಮೊದಲಿಂದ.

ನಮ್ಮವರು ನಕ್ಕರು:
ಸುಹಾಸನ ಮೆಟ್ರಿಕ್ಕಿಗಿ ಇಷ್ಟು ಓದಸಲಿಲ್ಲಲ್ಲ ನೀ.
ಅವನಿಗಿ ರೊಟ್ಟಿ ಬಿಟ್ಟಿ ಸಿಗ್ತಿತ್ತು, ಅಂದೆ.

ಇಪ್ಪತ್ನಾಕರ ರಾತ್ರಿ, ಹಲ್ಲು ಕಟಕಟ ಅನ್ನೋ ಥಂಡಿ,
ಕಾಗದದ ನಕ್ಷತ್ರ ಗಾಳಿಗಿ ತಿರಗ್ತಿತ್ತು.
ಹುಡುಗರು ಬಂದರು. ಢೋಲಕ್ ಹೊಡದರು.
ಶೇಂಗಾನ ಮೈ ನಡುಗಿತು, ಕಿವಿ ನಡುಗಿದವು,
ಕುಂಡಿ ಏಳಲಿಲ್ಲ.
ಕೆಂಪು ಅಂಗಿಯವ ದೂರೇ ನಿಂತಿದ್ದ,
ಗಡ್ಡದ ಮ್ಯಾಲ ಕೈ ಇಟಕೊಂಡು.

ಮರುದಿನ ಊಟಕ್ಕ ಹುಮನಾಬಾದಿಂದ
ಮೈದುನ ಜಯಪಾಲ ಬಂದ, ಮೂರು ವರ್ಷಕ್ಕ.
ಬಿರಿಯಾನಿ ಮುಗಿಯೋತನಾ ಛಲೋ ಇದ್ದರು.
ಆಮ್ಯಾಲ ನೌಬಾದಿನ ಪ್ಲಾಟು.
ಸಹಿ ಯಾರದು, ಅಪ್ಪ ಸಾಯೋಮುಂದ ಅಂದದ್ದೇನು,
ಆವಾಗ ದವಾಖಾನ್ಯಾಗ ಯಾರಿದ್ದರು, ಯಾರಿರಲಿಲ್ಲ.
ಒಬ್ಬರ ದನಿ ಮ್ಯಾಲ ಒಬ್ಬರ ದನಿ ಹತ್ತಿ
ಛತ್ತಿಗಿ ಮುಟ್ಟಿತು.

ಶೇಂಗಾ ಎದ್ದಿತು.
ಈ ಸದ್ದಿನ ಪಾಠ ನಾ ಮಾಡಸಿರಲಿಲ್ಲ,
ಇದಕ್ಕ ಸಣ್ಣಗ ಮಾಡೋ ಗುಂಡಿ ಎಲ್ಲದ?
ಬಾಲ ಹೊಟ್ಟಿಗಿ ಹಚ್ಚಿ ಇಬ್ಬರ ನಡುವ ಬಂತು,
ಈ ಮಾರಿ ನೋಡಿತು, ಆ ಮಾರಿ ನೋಡಿತು,
ಬೊಗಳಲಿಲ್ಲ, ಕುಂಯ್ ಅಂತು.

ಕುಂದ್ರು!
ಅಂದದ್ದು ನಾಯಿಗಿ.
ಶೇಂಗಾ ಕೂತಿತು.
ನಮ್ಮವರು ಕೂತರು.
ಬಳ್ಳು ಎತ್ತಿ ನಿಂತಿದ್ದ ಜಯಪಾಲನೂ
ಎತ್ತಿದ ಬಳ್ಳು ಹಂಗೇ ಹಿಡಕೊಂಡು ಕೂತ.

ರಜಾ ದಿನ, ಮ್ಯಾಲ ವಿಮಾನಾನೂ ಇರಲಿಲ್ಲ.
ರೂಢಿ ಬಿದ್ದ ನನ್ನ ಕೈ ತಾನೇ ರೊಟ್ಟಿ ಮುರೀತು.
ಶೇಂಗಾಕ್ಕ ಒಂದು ಚೂರು.
ಜಯಪಾಲ ಬಳ್ಳು ಮಡಚಿ ಅಂಗೈ ತೆರದ:
ನಾನೂ ಕೂತೀನಿ, ವೈನಿ.

ಪ್ಲಾಟಿನ ಮಾತು ಮುಗದಿಲ್ಲ.
ಈಸ್ಟರಿಗಿ ಮತ್ತ ಬರ್ತಾನಂತ.
ಗೋಣಿಚೀಲ ಒಗದು
ಮಾಳಿಗಿ ಮ್ಯಾಲ ಒಣಹಾಕೀನಿ.